ಹಗಲು ಲೈಟು, ಎರಡು ಹಲಸಿನಹಣ್ಣು

“ನಿಂಗೆ ಇಷ್ಟೊಂದು ಜನ ಗುರ್ತ ಅಂತ ನಂಗೆ ಗೊತ್ತೇ ಇರ್ಲಿಲ್ಲ ಬಿಡು,” ಎಂದರು ಸ್ಕೂಟರಿನ ಹಿಂದಿನ ಸೀಟಿನಿಂದ ಅತ್ತೆ ರಾಮಮ್ಮ.

ಓಡಿಸುತ್ತಿದ್ದ ಸುಕನ್ಯಾಳಿಗೆ ನಗು ತಡೆಯಲಾಗಲಿಲ್ಲ. ಗೋಣಿಬೀಡು ಬಿಟ್ಟಾಗಿನಿಂದ ಎದುರು ಬಂದ ನಾಲ್ಕೈದು ಗಾಡಿಯವರು ಐದು ಬೆರಳನ್ನೂ ಮಡಿಸಿ ಬಿಡಿಸಿ ಹೋಗಿದ್ದರು. ಲೈಟ್ ಉರೀತಿದೆ, ಆರಿಸು ಅಂತ. ಅತ್ತೆ ಅದನ್ನು ನಮಸ್ಕಾರ ಅಂದುಕೊಂಡು ತಾವೂ ಕೈ ಬೀಸಿದ್ದರು.

ಹೊಸ ಗಾಡಿಗೆ ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಎದುರಿನವರಿಗೆ ಕಾಣಲಿ ಅಂತ ಹಗಲಲ್ಲೂ ಉರಿಯುತ್ತದೆ ಎಂದು ಗಾಳಿಯಲ್ಲಿ ಕೂಗಿ ಹೇಳಿದಳು. ಹಗಲಲ್ಲಿ ದೀಪ ಹಿಡಿದು ತಿರುಗುವುದು ಯಾವ ಸೀಮೆ ಬುದ್ಧಿ ಎಂದರು ಅತ್ತೆ. ಸುಕನ್ಯಾಳ ನಗು ಅಲ್ಲಿಗೆ ನಿಂತಿತು. ಮೂಡಿಗೆರೆಯ ಹೊಲಿಗೆ ಅಂಗಡಿಯ ಕೆಲಸಕ್ಕೆ ಬಸ್ಸು ನಂಬಿ ಸಾಕಾಗಿ ಸ್ಕೂಟರ್ ತಂದು ಒಂದು ವಾರ. ಈ ತಿರುವುಗಳಲ್ಲಿ ಸೊಸೆ ಹೇಗೆ ಓಡಿಸುತ್ತಾಳೋ ತಾನೇ ಕೂತು ನೋಡುತ್ತೇನೆ, ಮನಸ್ಸಿಗೆ ಬಾರದಿದ್ದರೆ ಗಾಡಿ ಮಾರಿಬಿಡಿ ಎಂದಿದ್ದರು ಅತ್ತೆ. ಜೊತೆಗೆ ಮೂಡಿಗೆರೆಯ ಮಗಳ ಮನೆಗೆಂದು ಎರಡು ಹಲಸಿನಹಣ್ಣನ್ನೂ ಹಿಂದೆ ಕಟ್ಟಿಸಿದ್ದರು.

ಮಂಜು ಇಳಿಯತೊಡಗಿತ್ತು. ಮುಂದಿನ ತಿರುವಿನಲ್ಲಿ ಬಂದ ಬಸ್ಸಿನ ಡ್ರೈವರ್ ಬೆರಳು ಮಡಿಸಲಿಲ್ಲ. ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದು, ಬ್ರೇಕ್ ಹಾಕಿ, ಕಣ್ಣು ಕುಕ್ಕುತ್ತೆ, ಎದುರು ಬರೋರು ಗುಂಡಿಗೆ ಬೀಳ್ಬೇಕಾ ಎಂದು ಬೈದು ಹೋದ. ಸುಕನ್ಯಾಳ ಹೆಗಲ ಮೇಲಿದ್ದ ಅತ್ತೆಯ ಕೈ ಬಿಗಿಯಾಯಿತು. ಇನ್ನು ಗಾಡಿ ಮಾರಿದ ಹಾಗೇ ಅಂದುಕೊಂಡು ಅವಳು ರುದ್ರಪ್ಪನ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದಳು.

ಲೈಟಿನ ವಿಷಯ ಕೇಳಿದ ರುದ್ರಪ್ಪ ಇಬ್ಬರನ್ನೂ ಇಳಿಯಲು ಬಿಡದೆ ಗಾಡಿಯನ್ನು ಪಕ್ಕದಿಂದ ನೋಡಿದ. ಹಣ್ಣುಗಳನ್ನು ನೋಡಿದ. ರಾಮಮ್ಮನವರನ್ನೂ ನೋಡಿದ.

“ಹಿಂದೆ ಭಾರ ಜಾಸ್ತಿ ಆದ್ರೆ ಮುಂದೆ ಮೂತಿ ಎತ್ತುತ್ತೆ. ಲೈಟು ರಸ್ತೆ ಬಿಟ್ಟು ಜನರ ಮುಖ ನೋಡುತ್ತೆ.”

“ಯಾವ ಭಾರ?” ಎಂದರು ರಾಮಮ್ಮ.

ಸುಕನ್ಯಾ ಎದುರಿನ ತೋಟದ ಸಿಲ್ವರ್ ಓಕ್ ಮರದ ತುದಿ ನೋಡತೊಡಗಿದಳು. ರುದ್ರಪ್ಪನೂ ಸೊಸೆಯಂದಿರ ಕಷ್ಟ ಬಲ್ಲವನೇ.

“ಹಲಸಿನಹಣ್ಣಿಂದು,” ಎಂದ.

ಹಣ್ಣುಗಳು ಮುಂದಕ್ಕೆ, ಸುಕನ್ಯಾಳ ಕಾಲ ಬಳಿಗೆ ಬಂದವು. ಲೈಟಿನ ಸ್ಕ್ರೂ ತಿರುಗಿಸಿ ಬೆಳಕನ್ನು ರಸ್ತೆಗೆ ಇಳಿಸಿದ ರುದ್ರಪ್ಪ, ಕಾಸು ಬೇಡ ಎಂದ.

ಅಲ್ಲಿಂದ ಮುಂದೆ ಮಂಜು ಎಷ್ಟು ಕವಿಯಿತೆಂದರೆ ಪಕ್ಕದ ಕಾಫಿ ತೋಟವೂ ಕಾಣದು. ನಡುರಸ್ತೆಯಲ್ಲೇ ಬರುತ್ತಿದ್ದ ಮರದ ದಿಮ್ಮಿ ಹೇರಿದ ಲಾರಿಯೊಂದು ಇವರ ಲೈಟನ್ನು ದೂರದಿಂದಲೇ ಕಂಡು ತನ್ನ ಅಂಚಿಗೆ ಸರಿದು ದಾರಿ ಕೊಟ್ಟಿತು. ರಾಮಮ್ಮ ಕತ್ತು ಹೊರಳಿಸಿ ಲಾರಿ ಹೋದ ದಿಕ್ಕನ್ನೇ ನೋಡಿದರು.

“ನಾಳೆಯಿಂದ ನೀನೊಬ್ಳೇ ಹೋಗೋದಲ್ವಾ,” ಎಂದರು ಆಮೇಲೆ. “ಆ ಸ್ಕ್ರೂನ ಮೊದ್ಲಿನ ಹಾಗೇ ಮಾಡಿಸ್ಕೋ.”

“ಯಾಕತ್ತೆ? ಭಾರ ಹಲಸಿನಹಣ್ಣಿಂದಲ್ವಾ, ಅದು ಈಗ್ಲೇ ಮುಂದೆ ಬಂತಲ್ಲ.”

“ಗಾಡಿ ನೋಡ್ಕೊಂಡು ಓಡ್ಸು ಮಾರಾಯ್ತಿ.”

ಎದುರಿನ ಜೀಪಿನವನೊಬ್ಬ ಬೆರಳು ಮಡಿಸಿ ಬಿಡಿಸಿದ. ರಾಮಮ್ಮ ಸೊಸೆಯ ಹೆಗಲ ಮೇಲಿಂದ ಕೈ ಚಾಚಿ, ಇರಲಿ ಇರಲಿ ಎಂಬಂತೆ ಅಂಗೈ ಆಡಿಸಿದರು.