ಹನ್ನೊಂದು ಮನೆಯ ಡಬ್ಬಿ

ನಾನೊಂದು ತಗಡಿನ ಡಬ್ಬಿ. ಮೊದಲು ನನ್ನ ಹೊಟ್ಟೆಯ ತುಂಬ ಸೀಮೆಎಣ್ಣೆ ಇತ್ತು. ಬೆಟಗೇರಿಯ ಒಂದು ಕಿರಾಣಿ ಅಂಗಡಿಯಲ್ಲಿ ಅದೆಲ್ಲ ಖರ್ಚಾದ ಮೇಲೆ ನನ್ನನ್ನು ಹಿತ್ತಲಿಗೆ ಎಸೆದರು. ತಗಡು ಕೆಲಸದ ಹುಸೇನಸಾಬರು ಎತ್ತಿಕೊಂಡು ಹೋಗಿ, ನಡುವಿಗೆ ಸರಿಯಾಗಿ ಕತ್ತರಿಸಿ, ಕೈಗೆ ತಾಗದಂತೆ ಅಂಚು ಮಡಚಿ, ಮುಚ್ಚಳ ಮಾಡಿ, ತಂತಿಯ ಹಿಡಿಕೆ ಜೋಡಿಸಿದರು. ಹೀಗೆ ನನ್ನ ಎರಡನೆಯ ಹುಟ್ಟು ಸುತ್ತಿಗೆಯ ಪೆಟ್ಟಿನಲ್ಲಿ ಆಯಿತು.

ಮೂರನೆಯ ದಿನ ಒಬ್ಬ ಹೆಂಗಸು ಸಾಬರ ಅಂಗಡಿಯ ಮುಂದೆ ನಿಂತಳು. ಬಿಳಿ ರವಿಕೆ, ಅಂಚು ಸವೆದ ಸೀರೆ, ನೆಟ್ಟಗಿನ ಬೆನ್ನು. ನನ್ನ ಮುಚ್ಚಳ ತೆಗೆದು ಮೂಗು ಒಡ್ಡಿದಳು.

"ಸಾಬರ, ಈ ಎಣ್ಣಿ ವಾಸನಿ ಹೋಗತೈತೇನ್ರಿ?"

"ಬೂದಿ ಹಚ್ಚಿ ತಿಕ್ಕಿ ನಾಕ ದಿನ ಬಿಸಲಾಗ ಇಡ್ರಿ, ಹೋಗತೈತಿ. ಏನ ತುಂಬೋರು?"

"ಜೋಳ."

"ನಿಮ್ಮ ಮನೀಗಾ?"

"ಯಾರ ಮನೀಗಂತ ನನಗೂ ಇನ್ನಾ ಗೊತ್ತಿಲ್ರಿ," ಎಂದಳು ಆಕೆ.

ನನಗೆ ಆಗಲೇ ಕುತೂಹಲ ಹುಟ್ಟಿತು. ಯಾರ ಮನೆಗೆ ಎಂದು ಗೊತ್ತಿಲ್ಲದೆ ಯಾರಾದರೂ ಡಬ್ಬಿ ಕೊಳ್ಳುತ್ತಾರೆಯೇ?

ಆಕೆಯ ಹೆಸರು ಯೂನೀಸವ್ವ. ಗಂಡ ಇಸಾಕಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಆಕೆ ಅವನಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ಒಬ್ಬಳೇ ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಳು. ಅವರ ಊರು ಕಣವಿಹಾಳದಲ್ಲಿ ಕ್ರೈಸ್ತರ ಮನೆಗಳು ಹನ್ನೊಂದೇ. ಎಲ್ಲರೂ ಒಂದೇ ಓಣಿಯವರು, ಹೆಚ್ಚಿನವರು ನೇಕಾರರು. ಓಣಿಯ ತುದಿಗೆ ಹಂಚಿನ ಸಣ್ಣ ದೇವಾಲಯ, ಅವರ ಚರ್ಚು. ಅಲ್ಲಿನ ಸ್ತ್ರೀಯರ ಕೂಟಕ್ಕೆ ಯೂನೀಸವ್ವನೇ ಮುಂದಾಳು.

ಭಾನುವಾರದ ಆರಾಧನೆ ಮುಗಿದ ಮೇಲೆ ಆಕೆ ನನ್ನನ್ನು ಎಲ್ಲರ ಮುಂದೆ ಮೇಜಿನ ಮೇಲಿಟ್ಟಳು. "ಈ ಡಬ್ಬಿ ಮನಿಯಿಂದ ಮನೀಗೆ ಹೋಗತೈತಿ. ಒಬ್ಬೊಬ್ಬರು ಒಂದೊಂದ ಬೊಗಸಿ ಜೋಳ ಹಾಕ್ರಿ. ಶನಿವಾರ ಯಾರ ಮನ್ಯಾಗ ಇಲ್ಲೋ ಅವರ ಮನೀಗೆ ಮುಟ್ಟತೈತಿ. ಯಾರ ಮನೀಗೆ ಅಂತ ಮಾತಾಡೂದು ಬ್ಯಾಡ."

ಅಯ್ಯನವರು, ಅಂದರೆ ಆ ಸಭೆಯ ಪಾಸ್ಟರು, ನನ್ನ ಮುಚ್ಚಳದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. "ದೇವರ ಚಿತ್ತದಂತೆ ಆಗಲಿ," ಎಂದರು. ಎಲ್ಲರೂ ಆಮೆನ್ ಎಂದರು.

ದೇವರ ಚಿತ್ತ! ಆ ಮಾತು ನಾನು ಕೇಳಿದ್ದು ಅವತ್ತೇ ಮೊದಲು. ತುಂಬಿಟ್ಟುಕೊಳ್ಳುವುದೇ ನನ್ನ ಕಸುಬಾದ್ದರಿಂದ, ಅದೂ ಜೋಳದ ಹಾಗೆ ಎಲ್ಲೋ ಇಡುವ ವಸ್ತು ಇರಬೇಕೆಂದುಕೊಂಡೆ. ಎಷ್ಟು ಸೇರು ಇರಬಹುದು? ಯಾರ ಮನೆಯಲ್ಲಿಟ್ಟಿದ್ದಾರೆ? ಹನ್ನೊಂದು ಮನೆ ಸುತ್ತುವವನಿಗೆ ಎಲ್ಲಾದರೂ ಸಿಕ್ಕೀತೆಂದು ಕಾದೆ.

ನನ್ನ ಸುತ್ತಾಟ ಹೀಗೆ. ಒಬ್ಬಳು ನನ್ನನ್ನು ಬಗಲಲ್ಲಿ ಎತ್ತಿಕೊಂಡು ಮುಂದಿನ ಮನೆಯ ಬಾಗಿಲಿಗೆ ತರುವಳು. ಆ ಮನೆಯಾಕೆ ಒಳಗಿಂದ ಬೊಗಸೆಯಲ್ಲಿ ಜೋಳ ತಂದು ಸುರಿಯುವಳು. ಇಬ್ಬರೂ ಒಂದು ಗಳಿಗೆ ಕಣ್ಣು ಮುಚ್ಚಿ ಪ್ರಾರ್ಥಿಸುವರು. ಶುಕ್ರವಾರ ಸಂಜೆ ನಾನು ಸ್ತ್ರೀಯರ ಕೂಟದ ಮೇಜಿಗೆ ಬರುತ್ತಿದ್ದೆ, ರಾತ್ರಿ ಯೂನೀಸವ್ವನ ಮನೆಯಲ್ಲಿರುತ್ತಿದ್ದೆ, ಶನಿವಾರ ಬೆಳಿಗ್ಗೆ ಆಕೆ ನನ್ನನ್ನು ಹೊತ್ತು ಯಾವುದೋ ಒಂದು ಮನೆಗೆ ನಡೆಯುತ್ತಿದ್ದಳು. ಯಾವ ಮನೆಯೆಂದು ಆಕೆಗೆ ಗೊತ್ತಾಗುತ್ತಿದ್ದ ಬಗೆ ನನಗೆ ಬಲು ಸೋಜಿಗ. ಆಮೇಲೆ ತಿಳಿಯಿತು, ನೀರಿಗೆ ಹೋಗುವಾಗ ಆಕೆ ಪ್ರತಿ ಬಾಗಿಲ ಮುಂದೆ ಹೆಜ್ಜೆ ನಿಧಾನ ಮಾಡುತ್ತಿದ್ದಳು. ಯಾವ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿದೆಯೋ ಅದು ಆ ವಾರದ ಮನೆ.

ಮೂರು ಶನಿವಾರ ಸಾಲಾಗಿ ನಾನು ಸಲೋಮಿಯ ಮನೆಗೆ ಹೋದೆ. ಸಲೋಮಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಗಂಡ ತೀರಿಕೊಂಡಿದ್ದ. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಂಗಡಿಯವರ ಕಾಳು ಹಸನು ಮಾಡಿ ದಿನ ದೂಡುತ್ತಿದ್ದಳು. ನನ್ನನ್ನು ಖಾಲಿ ಮಾಡಿ, ಸೆರಗಿನಿಂದ ಒರೆಸಿ, ಒಳಗೆ ಒಂದು ಕಾಳೂ ಉಳಿಯದಂತೆ ನೋಡಿ ಹಿಂದಕ್ಕೆ ಕೊಡುತ್ತಿದ್ದಳು.

ಆ ತಿಂಗಳ ಕೊನೆಯ ಶುಕ್ರವಾರ ಕೂಟದಲ್ಲಿ ಯೂನೀಸವ್ವ ಎದ್ದು ಪ್ರಾರ್ಥನೆ ಮಾಡಿದಳು. ದನಿ ಮೃದುವಾಗಿತ್ತು, ಕಣ್ಣಲ್ಲಿ ನೀರೂ ಇತ್ತು. "ಕರ್ತನೇ, ನಮ್ಮ ಸಲೋಮಿ ಮನ್ಯಾಗ ಒಲಿ ಹೊತ್ತೂದಿಲ್ಲ. ಆಕಿ ಮಕ್ಕಳ ಹೊಟ್ಟೀ ನೋಡಪ್ಪಾ..."

ಆಮೆನ್ ಎಂದು ಎಲ್ಲರೂ ಕಣ್ಣು ತೆರೆದಾಗ ಸಲೋಮಿಯ ಜಾಗ ಖಾಲಿಯಿತ್ತು. ಬಾಗಿಲು ಇನ್ನೂ ಅಲ್ಲಾಡುತ್ತಿತ್ತು.

"ನಾ ಏನ ತಪ್ಪ ಅಂದೆ? ಪ್ರಾರ್ಥನಾ ಮಾಡಿದೆ ಅಷ್ಟ," ಎಂದಳು ಯೂನೀಸವ್ವ.

ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಆದರೆ ನನ್ನ ದಾರಿಯಲ್ಲಿ ಸಲೋಮಿಯ ಮನೆಯ ಆಚೆಗೇ ಯೂನೀಸವ್ವನ ಮನೆ. ಹಾಗಾಗಿ ಬುಧವಾರ ಬಂದರೆ ಸಲೋಮಿ ತನ್ನ ಬೊಗಸೆ ಹಾಕಿ ನನ್ನನ್ನು ಹೊತ್ತು ತಂದು ಯೂನೀಸವ್ವನ ಕಟ್ಟೆಯ ಮೇಲಿಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಜೋಳ ಬಿದ್ದ ಸದ್ದು ಕೇಳಿದ ಮೇಲೆ ಒಂದು ಗಳಿಗೆ ತಲೆ ಬಾಗಿಸಿ, ಹಿಂದೆ ನೋಡದೆ ಹೊರಟುಬಿಡುತ್ತಿದ್ದಳು. ಒಂದೇ ಸಭೆ, ಒಂದೇ ಪ್ರಾರ್ಥನೆ, ನಡುವೆ ನಾನು. ಮನುಷ್ಯರು ಇಷ್ಟು ಹತ್ತಿರ ನಿಂತೂ ಇಷ್ಟು ದೂರ ಇರುವುದು ಹೇಗೆಂದು ನಾನು ಬೆರಗಾಗುತ್ತಿದ್ದೆ. ಹೀಗೇ ವರ್ಷವೊಂದು ಕಳೆಯಿತು.

ಒಂದು ದಿನ ಇಸಾಕಪ್ಪ ಮಗ್ಗದಿಂದ ಏಳುವಾಗ ಕುಣಿಯಲ್ಲಿ ಕಾಲು ಜಾರಿ ಬಿದ್ದ. ಬಲಗೈಯ ಮುಂಗೈ ಮುರಿಯಿತು. ಬಿದಿರು ಕಟ್ಟಿಗೆ ಕಟ್ಟಿ ಪಟ್ಟು ಹಾಕಿದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೆಯೇ ಉಳಿಯಿತು. ಓಣಿಯವರೆಲ್ಲ ಬಂದು ವಿಚಾರಿಸಿದರು. "ಚಿಂತೀ ಇಲ್ರಿ, ಹುಬ್ಬಳ್ಳಿ ಮಗಳು ಎಲ್ಲಾ ನೋಡಾಕತ್ತಾಳ," ಎಂದು ಯೂನೀಸವ್ವ ನಕ್ಕು ಹೇಳಿ ಕಳಿಸಿದಳು. ಎಲ್ಲರೂ ನಂಬಿದರು. ಮಗಳಿಗೆ ಮಾತ್ರ ವಿಷಯವೇ ತಿಳಿದಿರಲಿಲ್ಲ. ಅವಳು ನಾಲ್ಕು ತಿಂಗಳ ಬಸುರಿ, ಗಾಬರಿ ಮಾಡಬಾರದೆಂದು ಇವರು ಬರೆಯಲೇ ಇಲ್ಲ.

ಎರಡು ತಿಂಗಳಾಗುತ್ತ ಬಂದಿತ್ತು. ಒಂದು ಬುಧವಾರ ಸಲೋಮಿ ನನ್ನನ್ನು ಕಟ್ಟೆಯ ಮೇಲಿಟ್ಟು ಎಂದಿನಂತೆ ಬೆನ್ನು ತಿರುಗಿಸಿದಳು. ಯೂನೀಸವ್ವ ಒಳಗಿಂದ ಬಂದಳು. ಬೊಗಸೆಯ ಮೇಲೆ ಸೆರಗು ಮುಚ್ಚಿತ್ತು. ಬಗ್ಗಿ ಎರಡೂ ಕೈ ನನ್ನೊಳಗೆ ಇಳಿಸಿ ಬಿಡಿಸಿದಳು.

ಏನೂ ಬೀಳಲಿಲ್ಲ.

ಬರೀ ಬೆರಳ ತುದಿ ಒಳಗಿದ್ದ ಜೋಳಕ್ಕೆ ತಾಗಿದ್ದು ನನಗೊಬ್ಬನಿಗೇ ಗೊತ್ತು. ದಾರಿಯಲ್ಲಿ ಹೋಗುವವರು ಯಾರೇ ನೋಡಿದ್ದರೂ ತುಂಬಿದ ಬೊಗಸೆ ಸುರಿದಳೆಂದೇ ತಿಳಿಯುತ್ತಿದ್ದರು. ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರವೂ ಹಾಗೇ. ನನಗೆ ಬಾಯಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಶನಿವಾರ ಬೆಳಿಗ್ಗೆ ಆಕೆ ತುಂಬಿದ ನನ್ನನ್ನು ಹೊತ್ತುಕೊಂಡು ತನ್ನ ತಣ್ಣಗಿನ ಒಲೆಯ ಮುಂದೆಯೇ ಹಾದು ಬೇರೆಯವರ ಮನೆಗೆ ಹೊರಡುತ್ತಿದ್ದಳು. ಯಾರಿಗೆ ಕೊಡಬೇಕೆಂದು ಆರಿಸುವವಳು ಆಕೆಯೇ. ತನ್ನ ಹೆಸರನ್ನು ತಾನು ಆರಿಸುವ ಹೆಂಗಸಲ್ಲ ಆಕೆ.

"ನಮಗೂ ಒಂದ ಬೊಗಸಿ ತಗೀಬಾರದೇನ?" ಎಂದು ಇಸಾಕಪ್ಪ ಒಮ್ಮೆ ಕೇಳಿದ.

"ಡಬ್ಬಿ ಸುರು ಮಾಡಿದಾಕಿ ನಾನು. ನನ್ನ ಮನ್ಯಾಗ ಅದು ಖಾಲಿ ಆಗಬೇಕೇನು? ಇದೂ ದೇವರ ಚಿತ್ತ. ತಾಳ್ಕೊಂಡ ಹೋಗೂಣು."

ಮತ್ತೆ ಆ ಮಾತು! ನಾನು ಮೂಲೆ ಮೂಲೆ ನೋಡಿದೆ. ಕುದಿಸಿದ ಸೊಪ್ಪಿನ ಒಂದು ಬೋಗುಣಿ ಬಿಟ್ಟು ಆ ಮನೆಯಲ್ಲಿ ಏನೂ ಇರಲಿಲ್ಲ.

ಆದರೆ ನನ್ನ ಹೊರತು ಇನ್ನೊಬ್ಬಳಿಗೂ ಗೊತ್ತಾಗಿತ್ತು. ಸಲೋಮಿ ಮುಖ ನೋಡಲೊಲ್ಲದೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳಲ್ಲ, ಅದರಿಂದಲೇ ಆಕೆಯ ಕಣ್ಣಿಗೆ ಮೋಸವಾಗಲಿಲ್ಲ. ಕಿವಿ ಮಾತ್ರ ಕೆಲಸ ಮಾಡುತ್ತಿತ್ತು. ದಿನವಿಡೀ ಕಾಳು ಕೇರುವವಳಿಗೆ ಜೋಳದ ಸದ್ದು ಹೊಸದೇ? ಮೊದಲ ವಾರ ತನಗೇ ಕೇಳಿಸಲಿಲ್ಲ ಎಂದುಕೊಂಡಿರಬೇಕು. ಎರಡನೆಯ ವಾರ ಸ್ವಲ್ಪ ಹೊತ್ತು ನಿಂತಳು. ಮೂರನೆಯ ವಾರ ಅವಳ ಕತ್ತು ಅರ್ಧ ತಿರುಗಿ ಮತ್ತೆ ಹಿಂದಕ್ಕೆ ಹೋಯಿತು.

ಐದನೆಯ ವಾರದ ಶುಕ್ರವಾರ ಕೂಟದಲ್ಲಿ ಸಲೋಮಿ ಪ್ರಾರ್ಥನೆಗೆಂದು ಎದ್ದು ನಿಂತಳು. ವರ್ಷದಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು. ನನ್ನ ಹಿಡಿಕೆ ಯೂನೀಸವ್ವನ ಕೈಯಲ್ಲಿತ್ತು. ಆ ಕೈ ನನ್ನನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಿತು. ಹೇಳಬೇಕೆಂದಿದ್ದರೆ ಒಂದು ಮಾತು ಸಾಕಿತ್ತು. ಕರ್ತನೇ, ನಮ್ಮ ಯೂನೀಸಕ್ಕನ ಬೊಗಸೆ ನೋಡು ಎಂದಿದ್ದರೆ ಮುಗಿಯಿತು. ಸಲೋಮಿ ಯೂನೀಸವ್ವನ ಕಡೆ ನೋಡಿ ಕಣ್ಣು ಮುಚ್ಚಿದಳು.

"ಕರ್ತನೇ, ಏನ ಬೇಡಬೇಕೋ ನನಗ ತಿಳೀವಲ್ದು. ಆಮೆನ್," ಎಂದು ಕೂತಳು.

ಮುಂದಿನ ಬುಧವಾರ ಮತ್ತೆ ಕಟ್ಟೆ, ಮತ್ತೆ ಸೆರಗು ಮುಚ್ಚಿದ ಕೈ, ಮತ್ತೆ ಸದ್ದಿಲ್ಲ. ಸಲೋಮಿ ಹೋಗಲಿಲ್ಲ. ತಿರುಗಿದಳು. ನನ್ನನ್ನು ಎತ್ತಿಕೊಂಡು, ಚಪ್ಪಲಿ ಕಳಚಿ, ಕರೆಯದೆಯೇ ಒಳಗೆ ನಡೆದಳು. ಒಲೆಯ ಬೂದಿಯ ಮೇಲೆ ಅಂಗೈ ಇಟ್ಟು ನೋಡಿದಳು.

"ಡಬ್ಬಿ ಮುಂದಿನ ಮನೀಗೆ ಹೋಗಬೇಕು," ಎಂದಳು ಯೂನೀಸವ್ವ. ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

"ಹೋಗತೈತಿ. ಬೀಸೂ ಕಲ್ಲ ಎಲ್ಲೈತ್ರೀ ಅಕ್ಕಾ?"

ಉತ್ತರಕ್ಕೆ ಕಾಯದೆ ಸಲೋಮಿ ಕಲ್ಲಿನ ಮುಂದೆ ಕೂತು ನನ್ನೊಳಗಿಂದ ಒಂದು ಬೊಗಸೆ ತೆಗೆದಳು. ಯೂನೀಸವ್ವ ಅವಳ ಮಣಿಕಟ್ಟು ಹಿಡಿದುಕೊಂಡಳು. "ಬ್ಯಾಡ. ನಾವು ಉಪವಾಸ ಇದ್ದು ಪ್ರಾರ್ಥನಾ ಮಾಡಾಕತ್ತೀವಿ. ಇದು ದೇವರ ಚಿತ್ತ, ಸಲೋಮಿ."

"ದೇವರ ಚಿತ್ತ ನಿಮ್ಮ ಉಪಾಸದಾಗಷ್ಟ ಇರತೈತೇನ್ರಿ? ಈ ಜೋಳದಾಗ ಇರೂದಿಲ್ಲೇನು? ನನ್ನ ಮಕ್ಕಳಿಗೆ ನೀವು ತಂದ ಕೊಟ್ಟಾಗ ಅದರಾಗ ಇತ್ತಲ್ಲ!"

ಯೂನೀಸವ್ವನ ಕೈ ಸಡಿಲಾಯಿತು. ಆ ನೆಟ್ಟಗಿನ ಬೆನ್ನು ಕುಸಿದದ್ದನ್ನು ನಾನು ನೋಡಿದ್ದು ಆಗಲೇ. ನೆಲಕ್ಕೆ ಕೂತು ಸದ್ದಿಲ್ಲದೆ ಅತ್ತಳು. "ನಿನ್ನ ಹೆಸರು ಹಿಡದು ಮಂದಿ ಮುಂದ ಅಂದ್ನಲ್ಲ, ಆ ದಿನ ನಿನಗ ಎಷ್ಟ ಉರದಿರಬೇಕು. ನನಗ ತಿಳೀಲಿಲ್ಲವಾ. ಈಗ ತಿಳೀತು."

"ಉರೀತು. ಈ ಆರ ವಾರ ನಿಮ್ಮ ಬರೀ ಕೈ ಮಾತು ಮಂದಿ ಮುಂದ ಹೇಳಬೇಕಂತ ನಾಲಿಗಿ ತುದೀಗೆ ಬಂದಿತ್ತು. ಕೆಟ್ಟಾಕಿ ನಾನೂ ಹೌದು," ಎಂದಳು ಸಲೋಮಿ. ಆಮೇಲೆ ಕಲ್ಲಿನ ಗೂಟ ಹಿಡಿದು, "ಎದರ ಕೂಡ್ರಿ. ಒಬ್ಬಾಕಿಗೆ ಬೀಸಾಕ ಆಗೂದಿಲ್ಲ. ನನಗೂ ಹಸಿವ್ಯಾಗೈತಿ, ಇಲ್ಲೇ ಉಣತೀನಿ," ಎಂದಳು.

ಇಬ್ಬರೂ ಎದುರುಬದುರು ಕಾಲು ಚಾಚಿ ಒಂದೇ ಗೂಟಕ್ಕೆ ಕೈ ಹಾಕಿದರು. ಕಲ್ಲು ತಿರುಗಿತು. ಇಸಾಕಪ್ಪ ಎಡಗೈಯಿಂದಲೇ ಒಲೆ ಹೊತ್ತಿಸಿದ. ಅವತ್ತಿನ ರೊಟ್ಟಿಯ ಸಪ್ಪಳ ಓಣಿಯ ತುದಿಯವರೆಗೂ ಕೇಳಿಸಿರಬೇಕು. ಮೂವರು ಒಂದೇ ತಾಟಿನ ಸುತ್ತ ಕೂತು ಸೊಪ್ಪು ಹಚ್ಚಿಕೊಂಡು ಉಂಡರು. ಉಳಿದ ಜೋಳದೊಂದಿಗೆ ಸಲೋಮಿಯೇ ನನ್ನನ್ನು ಮುಂದಿನ ಮನೆಗೆ ಮುಟ್ಟಿಸಿದಳು.

ಆ ಶುಕ್ರವಾರ ಯೂನೀಸವ್ವ ಕೂಟದಲ್ಲಿ ಎದ್ದಳು. ಕಣ್ಣು ಮುಚ್ಚಲಿಲ್ಲ. "ಆರ ವಾರ ನಾ ಡಬ್ಬಿಗೆ ಬರೀ ಕೈ ಹಾಕೀನಿ. ಕೊಟ್ಟಾಕಿ ಅನಿಸ್ಕೊಳ್ಳೂದು ರೂಢಿ ಆಗಿತ್ತು, ಇಸ್ಕೊಳ್ಳಾಕ ಸೊಕ್ಕು ಬಿಡಲಿಲ್ಲ. ಸಲೋಮಿ ಹೆಸರು ಮಂದಿ ಮುಂದ ತಗದಿದ್ದೆ, ಅದಕ್ಕ ಮಂದಿ ಮುಂದನ ಕ್ಷಮಾ ಕೇಳತೀನಿ."

ಮೂಲೆಯಲ್ಲಿದ್ದ ಮುದುಕಿ ಎಸ್ತೇರಜ್ಜಿ ಕೆಮ್ಮಿದಳು. "ನಾನೂ ಹ್ವಾದ ಬ್ಯಾಸಿಗ್ಯಾಗ ಎರಡ ವಾರ ಹಂಗ ಮಾಡೀನವಾ. ಹೊಟ್ಟು ಹಾಕಿದ್ದೆ."

"ಅಯ್ಯ, ಆ ಹೊಟ್ಟು ನಿಮ್ಮದಾ!" ಎಂದು ಇನ್ನೊಬ್ಬಳು ಬಾಯಿಬಿಟ್ಟಳು. ಮತ್ತಿಬ್ಬರು ತಲೆ ತಗ್ಗಿಸಿ ತಾವೂ ಎಂದರು. ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ನನಗೇನೂ ಇದು ಹೊಸ ಸುದ್ದಿಯಲ್ಲ. ಬರಿಗೈಗಳೆಲ್ಲ ನನಗೆ ಪರಿಚಯ. ಅವರಿಗೆ ಮಾತ್ರ ಒಬ್ಬರದು ಒಬ್ಬರಿಗೆ ತಿಳಿದಿರಲಿಲ್ಲ.

ಅಂದಿನಿಂದ ಶನಿವಾರದ ಆಯ್ಕೆ ನಿಂತಿತು. ಯಾರಿಗೆ ಬೇಕೋ ಅವರು ತಮ್ಮ ಮನೆಗೆ ಬಂದಾಗಲೇ ತೆಗೆದುಕೊಳ್ಳಬಹುದು, ಹಾಕಲಿಕ್ಕಿದ್ದವರು ಹಾಕಬಹುದು, ಎರಡಕ್ಕೂ ಪ್ರಾರ್ಥನೆ ಒಂದೇ. ನಾನು ಕೆಲವು ವಾರ ಬರಿದಾಗಿ ಸುತ್ತಿದೆ, ಕೆಲವು ವಾರ ಮುಚ್ಚಳ ಕೂರದಷ್ಟು ತುಂಬಿದೆ.

ಇಸಾಕಪ್ಪನ ಕೈಗಾಗಿ ಇಡೀ ಸಭೆ ಪ್ರಾರ್ಥಿಸಿತು. ಪಟ್ಟು ಬಿಚ್ಚಿದ ದಿನ ಓಣಿಯವರೆಲ್ಲ ಅಂಗಳದಲ್ಲಿ ನೆರೆದಿದ್ದರು. ಬೆರಳುಗಳು ಮಡಚಲಿಲ್ಲ. ಲಾಳಿ ಹಿಡಿಯುವ ಕೈ ಮತ್ತೆ ಬರಲೇ ಇಲ್ಲ. ಯಾಕೆ ಹೀಗಾಯಿತೆಂದು ಅಯ್ಯನವರೂ ವಿವರಿಸಲು ಹೋಗಲಿಲ್ಲ, ಸುಮ್ಮನೆ ಅವನ ಪಕ್ಕ ಕೂತರು. ಮರುದಿನದಿಂದ ಓಣಿಯ ನೇಕಾರರು ದಿನಕ್ಕೊಬ್ಬರಂತೆ ಬಂದು ಅವನ ಮಗ್ಗದ ಕುಣಿಗಿಳಿದು ಆ ಅರ್ಧ ಸೀರೆ ಮುಗಿಸಿದರು. ಮಗ್ಗಕ್ಕೆ ಹೊಸ ಹಾಸುನೂಲು ಏರಿಸಿದರು. ಇಸಾಕಪ್ಪ ಎಡಗೈಯಿಂದ ಅವರಿಗೆ ಕಂಡಿಕೆ ಸುತ್ತಲು ಕಲಿತ. ಒಂದು ದಿನ ಹೆಂಡತಿಗೆ ಹೇಳಿದ: "ಕೈ ಬರಲಿಲ್ಲ. ಮಂದಿ ಬಂದ್ರು. ನಾ ಬೇಡಿದ್ದು ಕೈ, ಖರೆ. ಆದ್ರ ಈಗ ಮಂದೀನ ತಿರುಗಿ ಕೊಟ್ಟು ಕೈ ಇಸ್ಕೋ ಅಂದ್ರ ನಾ ಒಲ್ಲೆ." ಯೂನೀಸವ್ವ ಮುಂದಿನ ಕಂಡಿಕೆ ತೆಗೆದು ಅವನ ಎಡಗೈಗೆ ಕೊಟ್ಟಳು.

ನಾನು ಹತ್ತೊಂಬತ್ತು ವರ್ಷ ಆ ಓಣಿ ಸುತ್ತಿದೆ. ಇಸಾಕಪ್ಪ ಹೋದ, ಯೂನೀಸವ್ವ ಹೋದಳು. ಸಲೋಮಿ ಅವರಿಬ್ಬರನ್ನೂ ಮಗಳಂತೆ ನೋಡಿಕೊಂಡಳು. ಕೊನೆಗೆ ನನ್ನ ತಳ ತುಕ್ಕು ಹಿಡಿದು ತೂತಾಯಿತು. ಸ್ಟೀಲಿನ ಡಬ್ಬಿ ಬಂತು, ಆಮೇಲೆ ಅದೂ ನಿಂತಿತು. ದೇವಾಲಯದ ಹಿಂದಿನ ಕೋಣೆಯಲ್ಲಿ, ಮುರಿದ ಬೆಂಚುಗಳ ಪಕ್ಕ ನನ್ನನ್ನು ಇಟ್ಟರು.

ಈಚಿನ ವರ್ಷಗಳಲ್ಲಿ ಒಂದು ರೋಗಕ್ಕೆ ಹೆದರಿ ಊರೂರೇ ಬಾಗಿಲು ಹಾಕಿಕೊಂಡ ಕಾಲವೊಂದು ಬಂತು. ಒಂದು ಬೆಳಿಗ್ಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡ ಹುಡುಗಿಯರು ನನ್ನ ಕೋಣೆಗೆ ಬಂದು ಪ್ಲಾಸ್ಟಿಕ್ ಚೀಲಗಳಿಗೆ ಅಕ್ಕಿ, ಬೇಳೆ, ಎಣ್ಣೆ ತುಂಬಿದರು. ಒಂದು ಚೀಲ ನನಗೆ ಒರಗಿ ಕೂತಿತ್ತು. ಅದನ್ನು ಕೇಳಲು ನನ್ನಲ್ಲಿ ಎಷ್ಟೊಂದು ಪ್ರಶ್ನೆಗಳಿದ್ದವು! ಎಲ್ಲಿಂದ ಬಂದೆ, ಯಾರ ಮನೆಗೆ ಹೋಗುತ್ತೀ, ಖಾಲಿಯಾದ ಮೇಲೆ ನಿನ್ನನ್ನೇನು ಮಾಡುತ್ತಾರೆ? ಅಷ್ಟರಲ್ಲಿ ಒಬ್ಬಳು ಅದನ್ನು ಎತ್ತಿಕೊಂಡು ಹೋದಳು. ತೆರೆದ ಬಾಗಿಲಿನಿಂದ ನೋಡಿದೆ. ಅವಳು ಒಂದು ಹೊಸಿಲ ಮೇಲೆ ಅದನ್ನಿಟ್ಟು ಹಿಂದೆ ಸರಿದು ನಿಂತಳು. ಒಳಗಿಂದ ಒಂದು ಕೈ ಬಂತು. ಸ್ವಲ್ಪ ತಡೆಯಿತು. ಆಮೇಲೆ ತೆಗೆದುಕೊಂಡಿತು.

ಆ ಚೀಲದ ಆಯುಷ್ಯ ಒಂದೇ ದಿನ, ನನ್ನದು ಅಷ್ಟೊಂದು ವರ್ಷ. ಆದರೂ ಆ ಬಾಗಿಲಲ್ಲಿ ನಡೆದದ್ದನ್ನು ನೋಡಿದ ಮೇಲೆ ನಾನು ಅದಕ್ಕಿಂತ ಹೆಚ್ಚು ಬಾಳಿದೆನೆಂದು ನನಗೆ ಅನಿಸಲೇ ಇಲ್ಲ.