ಮೆಟ್ಟಿಲ ಮೇಲಿನ ಹಾಪ್ಸ್ ಚರಟ

ವೋಸ್ ಕಣಿವೆಯಲ್ಲಿ ಕ್ರಿಸ್‌ಮಸ್ ಬೀರು ಕಾಯಿಸುವುದು ಇಬ್ಬರ ಕೆಲಸ. ಒಬ್ಬರು ತಾಮ್ರದ ಹಂಡೆಯಿಂದ ಕುದಿದ ಬಾರ್ಲಿ ರಸ ಮೊಗೆದು ಹೊಯ್ಯಬೇಕು, ಇನ್ನೊಬ್ಬರು ಮರದ ಬಾನಿಯ ಮೇಲೆ ಜರಡಿ ಹಿಡಿಯಬೇಕು. ತೋರ್ಗೈರನ ಮನೆಯಲ್ಲಿ ಮದುವೆಯಾದ ವರ್ಷದಿಂದಲೂ ಜರಡಿ ಹಿಡಿದವಳು ಅವನ ಹೆಂಡತಿ ಓಡ್ನಿ. ಈ ವಸಂತದಲ್ಲಿ ಅವಳನ್ನು ಚರ್ಚಿನ ಹಿಂದಿನ ಮಣ್ಣಿಗೆ ಒಪ್ಪಿಸಿ ಬಂದ ಮೇಲೆ, ಹಸುವಿನ ಬಾಲದ ಕೂದಲಿನಿಂದ ನೆಯ್ದ ಆ ಜರಡಿ ಬೀರುಮನೆಯ ಮೊಳೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು.

ಈ ಸಲ ಬೀರೇ ಬೇಡ ಎಂದುಕೊಂಡಿದ್ದ. ಆದರೆ ಮನೆಯ ಬೀರಿಲ್ಲದ ಮೇಜಿನ ಮುಂದೆ ಕೂತು ಕ್ರಿಸ್‌ಮಸ್ ಪ್ರಾರ್ಥನೆ ಹೇಳಲು ನಾಲಿಗೆ ಏಳುವುದು ಹೇಗೆ? ಕೊನೆಗೆ ಒಲೆ ಹೊತ್ತಿಸಿದ. ಲುರ್ವೆ ಒಲೆಯ ಬದಿಯಲ್ಲಿ ಮೈಚೆಲ್ಲಿತು. ಅದು ಓಡ್ನಿ ಸಾಕಿದ ನಾಯಿ. ಅವಳು ಹೋದ ದಿನದಿಂದ ಅವನ ನೆರಳಿನಂತೆ ಹಿಂದೆ ಹಿಂದೆಯೇ ಇತ್ತು. ಮನೆಯಲ್ಲಿ ಅವನು ಮಾತಾಡಿಸುವ ಜೀವ ಅದೊಂದೇ.

ಬಾನಿಯ ಬಾಯಿಗೆ ಎರಡು ಕೋಲು ಅಡ್ಡವಿಟ್ಟು, ಅದರ ಮೇಲೆ ಜರಡಿ ಕೂರಿಸಿ, ಜರಡಿಯೊಳಗೆ ಜುನಿಪರ್ ಗಿಡದ ಚಿಗುರು ಹಾಸಿದ. ಮೊಗೆದು ಹೊಯ್ದ. ಹಂಡೆಯಲ್ಲಿ ಕುದಿದು ಉಬ್ಬಿದ, ಬೀರಿಗೆ ಕಹಿ ಕೊಡುವ ಹಾಪ್ಸ್ ಹೂಗಳು ಕ್ಷಣದಲ್ಲೇ ಜರಡಿಯ ಕಣ್ಣು ಮುಚ್ಚಿದವು. ರಸ ಕೆಳಗಿಳಿಯದೆ ಅಂಚಿನವರೆಗೆ ತುಂಬಿತು. ಸೋಸದ ರಸ ಒಂದು ತುಳುಕು ಬಾನಿಗೆ ಬಿದ್ದರೂ ಆಯಿತು, ಹೂವಿನ ಚೂರು ಬೀರು ಕುಡಿದವರ ಗಂಟಲು ಕೆರೆಯುತ್ತದೆ. ಮರದ ಸೌಟಿನಿಂದ ಹೂವನ್ನು ಬದಿಗೆ ಸರಿಸಿದ, ಜರಡಿಯ ಪಕ್ಕಕ್ಕೆ ಮೆಲ್ಲಗೆ ತಟ್ಟಿದ, ಕಾದ. ಓಡ್ನಿ ಇದನ್ನೆಲ್ಲ ಮಣಿಕಟ್ಟಿನ ಒಂದು ಕೊಡವಿನಲ್ಲಿ ಮಾಡಿ ಮುಗಿಸುತ್ತಿದ್ದಳು.

"ನಾನಿಷ್ಟು ವರ್ಷ ಬರೀ ನೀರು ಹೊಯ್ದಂಗೆ ಹೊಯ್ದೆ ಕಣೇ ಲುರ್ವೆ, ಕೆಲಸ ಎಲ್ಲ ಅವಳದ್ದೇ," ಎಂದ. ನಾಯಿ ಒಂದು ಕಿವಿ ಎತ್ತಿತು.

ತುಂಬಿದ ಜರಡಿಯನ್ನು ಮತ್ತೆ ಮತ್ತೆ ಬಕೆಟ್ಟಿಗೆ ಬಡಿದು, ಕೊನೆಗೆ ಹಬೆಯಾಡುವ ಆ ಹಸಿರು ಚರಟವನ್ನು ಹೊರಗಿನ ಕಲ್ಲುಮೆಟ್ಟಿಲ ಮೇಲಿಟ್ಟು ಬಂದ. ಓಡ್ನಿ ಅದನ್ನು ಎಲ್ಲಿ ಚೆಲ್ಲುತ್ತಿದ್ದಳೋ ಅವನು ಕೇಳಿದವನೇ ಅಲ್ಲ.

ಬಾನಿಯ ರಸ ಮೈಬಿಸಿಗೆ ಇಳಿದಾಗ, ತಾತನ ಕಾಲದಿಂದ ಮನೆಯಲ್ಲಿ ಉಳಿದು ಬಂದ, ಬೀರು ಹುದುಗಿಸುವ ಹೆಪ್ಪನ್ನು ಹಾಕಿದ. ಹೆಪ್ಪು ಬೀಳುವಾಗ ಗಟ್ಟಿಯಾಗಿ ಕೂಗಬೇಕು. ಕೂಗು ಎಷ್ಟು ಜೋರೋ ಬೀರಿಗೆ ಅಷ್ಟು ಬಲ ಎಂಬುದು ಕಣಿವೆಯವರ ನಂಬಿಕೆ. ಪ್ರತಿ ವರ್ಷ ಇಬ್ಬರೂ ಕೂಗಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ತೋರ್ಗೈರ್ ಎದೆತುಂಬ ಉಸಿರೆಳೆದು, ಇಬ್ಬರ ಪಾಲಿನದನ್ನೂ ಒಬ್ಬನೇ ಕೂಗಿದ. ಗೋಡೆಯ ಸೌಟುಗಳು ಝಣಗುಟ್ಟಿದವು. ಆ ಕೂಗಿನೊಳಗೆ ಎಷ್ಟೋ ದಿನಗಳಿಂದ ಕಟ್ಟಿಕೊಂಡದ್ದೂ ಹೊರಗೆ ಬಂತು. ಕಣ್ಣೊರೆಸಿಕೊಂಡು ತಿರುಗಿದರೆ ಒಲೆಯ ಬದಿ ಖಾಲಿ. ಬಾಗಿಲು ಅರ್ಧ ತೆರೆದಿತ್ತು.

ಹೊರಗೆ ಬಂದ. ಮೆಟ್ಟಿಲ ಮೇಲೆ ಬಕೆಟ್ಟು ಅಡ್ಡ ಬಿದ್ದಿತ್ತು. ಒಳಗೆ ಒಂದು ಎಸಳೂ ಇರಲಿಲ್ಲ.

ಹಿಂದೊಮ್ಮೆ ಗಿರಣಿಯವರ ನಾಯಿ ಹಾಪ್ಸ್ ಚರಟ ತಿಂದು, ಮೈ ಕಾದ ಹಂಚಿನಂತಾಗಿ, ಸಂಜೆಯೊಳಗೆ ಸತ್ತಿತ್ತು. ಹಾಪ್ಸ್ ನಾಯಿಗೆ ವಿಷ ಎಂದು ಕಣಿವೆಯಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ಇಟ್ಟಿದ್ದ.

"ಲುರ್ವೆ! ಏ ಲುರ್ವೆ!" ಸೋನೆಯಲ್ಲಿ ನೆನೆಯುತ್ತ ಕುರಿಕೊಟ್ಟಿಗೆ ನೋಡಿದ, ಸೌದೆಮನೆ ನೋಡಿದ. 'ದೇವರೇ, ಅವಳ ನಾಯಿಯನ್ನಾದರೂ ನನಗೆ ಬಿಡು' ಎಂಬುದೊಂದೇ ಪ್ರಾರ್ಥನೆ ಬಾಯಿಗೆ ಬಂತು.

ಬೇಲಿಯಾಚೆಯಿಂದ ಪಕ್ಕದ ಹೊಲದ ಬೋರ್ಗ್ನಿ ಕೈಯ ಮಣ್ಣು ಕೊಡವುತ್ತ ಬಂದಳು. ವಯಸ್ಸಾದರೂ ಬಾಯಿಗೆ ಮುಪ್ಪು ಬಂದಿರಲಿಲ್ಲ.

"ಏನ್ ಮಾರಾಯ, ಹೆಪ್ಪಿಗೆ ಕೂಗಿದ್ಯೋ, ಸ್ವರ್ಗಕ್ಕೆ ಕೂಗಿದ್ಯೋ? ನನ್ನ ಕೋಳಿ ಇನ್ನು ಈಸ್ಟರ್‌ತನಕ ಮೊಟ್ಟೆ ಇಡಲ್ಲ ನೋಡು."

"ತಮಾಷೆ ಸಾಕು ಬೋರ್ಗ್ನಿ. ಲುರ್ವೆ ಚರಟ ತಿಂದುಬಿಟ್ಟಿದೆ. ಬಕೆಟ್ಟು ಪೂರ್ತಿ ಖಾಲಿ!"

ಬೋರ್ಗ್ನಿ ಅವನನ್ನು ನೋಡಿದಳು, ಬಿದ್ದ ಬಕೆಟ್ಟನ್ನೂ ನೋಡಿದಳು.

"ಅಯ್ಯೋ ಪೆದ್ದಪ್ಪ, ನಾಯಿ ಯಾಕೆ ತಿನ್ನುತ್ತೆ? ಚರಟ ನನ್ನ ಗೋಣಿಲಿ ಸುರ್ಕೊಂಡು ಹೋದೆ. ಅದೀಗ ನನ್ನ ಕರಂಟ್ ಹಣ್ಣಿನ ಗಿಡದ ಬುಡದಲ್ಲಿದೆ, ಮೇಲೆ ಮಣ್ಣೂ ಮುಚ್ಚಿದ್ದೀನಿ. ನಿನ್ನ ಕೂಗಿಗೇ ಬಕೆಟ್ಟು ಕೈಜಾರಿ ಬಿತ್ತು. ಎತ್ತಿಡೋದಕ್ಕೂ ಧೈರ್ಯ ಬರ್ಲಿಲ್ಲ, ಓಡಿದೆ."

"ನೀನಾ?"

"ಮತ್ತಿನ್ನಾರು? ವರ್ಷಾ ವರ್ಷಾ ಓಡ್ನಿ ನಾಯಿನ ಕಟ್ಟಿಹಾಕಿ, ಬಕೆಟ್ಟು ಇದೇ ಮೆಟ್ಟಿಲ ಮೇಲೆ ನನಗೋಸ್ಕರ ಇಡ್ತಿದ್ಲು. ಇವತ್ತೂ ಇತ್ತು. ನಿನಗೆ ಹೇಳಿಹೋಗಿದ್ದಾಳೆ ಅಂದ್ಕೊಂಡೆ."

ತೋರ್ಗೈರ್ ಒದ್ದೆ ಕಲ್ಲಿನ ಮೇಲೆ ಹಾಗೇ ಕುಸಿದು ಕೂತ. ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ.

"ಹಾಗಾದ್ರೆ ನಾಯಿ ಎಲ್ಲಿ?"

"ಅದಕ್ಕೂ ಕಿವಿ ಇಲ್ವಾ? ನಿನ್ನ ಕೂಗಿಗೆ ಬೆದರಿ ಎಲ್ಲೋ ಅಡಗಿರುತ್ತೆ. ಬಾ."

ಬೀರುಮನೆಯೊಳಗೆ ಹೋದರು. ಮೂಲೆಯಲ್ಲಿ ಉಳಿದ ಜುನಿಪರ್ ಟೊಂಗೆಗಳ ರಾಶಿಯಿತ್ತು. ರಾಶಿಯ ಒಂದು ತುದಿ ಅಲ್ಲಾಡುತ್ತಿತ್ತು. ಬೋರ್ಗ್ನಿ ಟೊಂಗೆ ಎತ್ತಿದಳು. ಒಳಗೆ ಮೂತಿ ಹುದುಗಿಸಿ ಮಲಗಿದ್ದ ಲುರ್ವೆ ಒಮ್ಮೆ ಸೀನಿತು. ತೋರ್ಗೈರ್ ಮಂಡಿಯೂರಿ ಅದರ ಕಿವಿ ಮುಟ್ಟಿದ, ಮೂಗು ಮುಟ್ಟಿದ. ಮೂಗು ತಣ್ಣಗಿತ್ತು. ಸ್ವಲ್ಪ ಹೊತ್ತು ಅಲ್ಲಿಂದ ಏಳಲಿಲ್ಲ. ಬೋರ್ಗ್ನಿ ಅವನಿಗೆ ಬೆನ್ನು ಹಾಕಿ ನಿಂತು, ಬಾನಿಗೆ ಇಣುಕಿ ನೋಡಿದಳು.

"ಒಂದು ಎಸಳೂ ಇಳಿದಿಲ್ಲ. ಪರವಾಗಿಲ್ವೇ, ಒಬ್ಬನೇ ಸೋಸಿದ್ದೀಯ."

"ಬರೋ ವರ್ಷ ಜರಡಿ ನೀನು ಹಿಡೀತೀಯಾ?"

"ನನ್ನ ಕೈ ನಡುಗುತ್ತಪ್ಪ, ಆಗಲ್ಲ. ಆದ್ರೆ ಬಕೆಟ್ಟು ಮೆಟ್ಟಿಲ ಮೇಲೆ ಇಡಬೇಡ. ನನ್ನನ್ನ ಕರಿ, ಕೈಗೇ ಕೊಡು. ಕರೆಯೋವಾಗ ಸ್ವಲ್ಪ ಮೆಲ್ಲಗೆ."

ಬಾನಿಯ ಅಂಚಿನಲ್ಲಿ ಮೊದಲ ನೊರೆ ಬಿಳಿಯ ಎಳೆಯಾಗಿ ಏಳುತ್ತಿತ್ತು. ತೋರ್ಗೈರ್ ಜರಡಿ ತೊಳೆದು ಮೊಳೆಗೆ ತೂಗುಹಾಕಿದ. ಲುರ್ವೆ ಬಾಲದಲ್ಲಿ ಜುನಿಪರ್ ಸೂಜಿಗಳನ್ನು ಸಿಕ್ಕಿಸಿಕೊಂಡೇ ಅವನ ಹಿಂದೆ ಹಿಂದೆ ನಡೆಯಿತು.