ಬೆಚ್ಚಗಿನ ಛತ್ರಿ

ಮೀಟರಿನಲ್ಲಿ ಸೊನ್ನೆ ಪಾಯಿಂಟ್ ನಾಲ್ಕು ಎರಡು ಆಂಪಿಯರ್, ಮತ್ತೆ ಅದೇ ನಾಲ್ಕು ಎರಡು, ಕೀ ನನ್ನ ಜೇಬಿನಲ್ಲಿದೆ, ಬಾಗಿಲುಗಳೆಲ್ಲ ಮುಚ್ಚಿವೆ — ಡ್ರೈವರ್ ಕಡೆಯದೊಂದು ತೆರೆದಿದ್ದರೂ ಅದರ ದೀಪದ ಗುಂಡಿಯನ್ನು ಟೇಪು ಹಾಕಿ ಒತ್ತಿಟ್ಟಿದ್ದೇನೆ, ಕಾರಿನ ಲೆಕ್ಕದಲ್ಲಿ ಅದೂ ಮುಚ್ಚಿದೆ — ಆದರೂ ಯಾರೋ ಬ್ಯಾಟರಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಾರೆ, ಯಾರಪ್ಪಾ ನೀನು, ಇಪ್ಪತ್ತೆರಡು ವರ್ಷದ ಈ ಮುದಿ ಕಾರಿನಲ್ಲಿ ಎಲ್ಲಿ ಅಡಗಿ ಕೂತಿದ್ದೀಯ, ಮಲಗಿದ ಕಾರಿಗೆ ಸೊನ್ನೆ ಪಾಯಿಂಟ್ ಸೊನ್ನೆ ಎರಡೋ ಮೂರೋ ಸಾಕು, ಇಷ್ಟು ಹಸಿವು ಇರಬಾರದು, ಮೀಟರು ಸುಳ್ಳು ಹೇಳುವುದಿಲ್ಲ, ಶಾಲೆಯ ಪ್ರಯೋಗಾಲಯದಲ್ಲಿ ಹದಿನಾರು ವರ್ಷ ಇದನ್ನು ಒರೆಸಿ ಕಪಾಟಿನಲ್ಲಿಟ್ಟವಳು ನಾನೇ, ಸುಳ್ಳೇನಿದ್ದರೂ ಮನುಷ್ಯರದು — ಅಮ್ಮಂಗೆ ಮರೆವು, ಲೈಟ್ ಆರಿಸದೆ ಇಳಿದು ಬರ್ತಾಳೆ, ಅದಕ್ಕೇ ಮೂರು ದಿನಕ್ಕೊಂದ್ಸಲ ಬ್ಯಾಟರಿ ಸಾಯೋದು, ಎಂದು ಬೆಳಗ್ಗೆ ಹೇಳಿದವರು ಇವರು, ಅತ್ತೆ ಹೆತ್ತ ಮಗ, ಇವತ್ತು ಸಂಜೆ ಬಂದು ಕೀ ಇಸ್ಕೊಳ್ತೀನಿ, ಇನ್ನು ಓಡ್ಸೋದು ಬೇಡ, ನೀನೇನಂತೀಯ, ನಾನು ಲೋಟ ತೊಳೆಯುತ್ತಾ ಹೌದೂರೀ, ಸ್ವಲ್ಪ ಹೆಚ್ಚೇ ಆಗಿದೆ ಮರೆವು ಎಂದೆ, ಆಗ ಪಕ್ಕದ ಕೋಣೆಯಲ್ಲಿ ಅತ್ತೆ ಕೆಮ್ಮಿದರು, ಕೇಳಿಸಿರಬೇಕು, ಇರಬೇಕೇನು, ಕೇಳಿಸಿದೆ.

ಕೇಳಿಸಿದ್ದರೂ ಈಗ ಬಾನೆಟ್ ಪಕ್ಕ ಕನ್ನಡಕ ಏರಿಸಿಕೊಂಡು ನಿಂತಿದ್ದಾರೆ, ನಲವತ್ತು ವರ್ಷ ನರ್ಸ್ ಆಗಿದ್ದವರು, ಜ್ವರ ನೋಡುವ ಹಾಗೆ ಮೀಟರು ನೋಡುತ್ತಾರೆ, ನಾನು ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ಒಂದೊಂದೇ ಫ್ಯೂಸ್ ಕಿತ್ತು ಕೂಗುತ್ತೇನೆ, ಈಗ ಎಷ್ಟು ಅತ್ತೆ, ನಾಲ್ಕು ಎರಡು, ಈಗ, ಹಾಗೇ ಇದೆ ಕಣೇ, ಕಿತ್ತದ್ದನ್ನು ಅಲ್ಲೇ ಸಿಕ್ಕಿಸು, ಮುಂದಿನದು, ತಲೆ ಎತ್ತಿದರೆ ಎದುರಿಗೆ ಚೀಟಿಗಳು, ಡ್ಯಾಶ್‌ಬೋರ್ಡಿನ ಉದ್ದಕ್ಕೂ ಅತ್ತೆಯ ದುಂಡು ಅಕ್ಷರ, ಸೋಮವಾರ ಹನ್ನೊಂದು ಇಪ್ಪತ್ತು, ದೀಪ ಆರಿಸಿದೆ, ಗುರುವಾರ ನಾಲ್ಕೂ ಹತ್ತು, ದೀಪ ಆರಿಸಿದೆ, ಎರಡು ಸಲ ನೋಡಿದೆ — ತನ್ನ ಮೇಲೆ ತಾನೇ ಕಾವಲು ಕೂತಿದ್ದಾರೆ, ಕಾಲು ಮುರಿದ ಗೆಳತಿಯನ್ನು ವಾರಕ್ಕೆರಡು ಸಲ ವ್ಯಾಯಾಮಕ್ಕೆ ಕರೆದೊಯ್ಯುವುದೊಂದೇ ಈಗ ಅವರ ಡ್ಯೂಟಿ, ಅದೂ ಸಂಜೆಗೆ ಹೋಗುತ್ತದೆ, ಏಳನೆಯ ಫ್ಯೂಸ್, ಗಟ್ಟಿಯಾಗಿದೆ, ಉಗುರು ಹೋಯಿತು, ಬಂತು — ಬಿತ್ತು ಕಣೇ ಬಿತ್ತು, ಸೊನ್ನೆ ಸೊನ್ನೆ ಎರಡು, ಜ್ವರ ಇಳೀತು! ಏಳನೆಯದು ಯಾರ ಮನೆ, ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿದೆ, ರೇಡಿಯೊ, ಒಳದೀಪ, ಡಿಕ್ಕಿ ದೀಪ, ರೇಡಿಯೊ ಕಿತ್ತು ವರ್ಷಗಳಾದವು, ಒಳದೀಪ ಆರಿರುವುದು ಕಣ್ಣಿಗೇ ಕಾಣುತ್ತದೆ, ಉಳಿದದ್ದು ಡಿಕ್ಕಿ, ಡಿಕ್ಕಿ — ಹೋದ ವಾರ ಬೆಳಗ್ಗೆ ಅತ್ತೆ ಡಿಕ್ಕಿಯಿಂದ ಛತ್ರಿ ತೆಗೆದು, ಛತ್ರಿ ಬೆಚ್ಚಗಿದೆ ಕಣೇ, ಯಾರೋ ಹಿಡ್ಕೊಂಡಿದ್ದು ಈಗ ಬಿಟ್ಟ ಹಾಗಿದೆ ಎಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು, ಇವರು ಹುಬ್ಬು ಏರಿಸಿದರು, ನಾನು ನಕ್ಕೆ, ಛೀ, ನಕ್ಕೆನಲ್ಲ.

ಏಳನೆಯದನ್ನು ವಾಪಸ್ ಸಿಕ್ಕಿಸಿ ಡಿಕ್ಕಿ ತೆರೆದರೆ ದೀಪ ಉರಿಯುತ್ತಿದೆ, ತೆರೆದಾಗ ಉರಿಯಲೇಬೇಕಲ್ಲ, ಮುಚ್ಚಿದಾಗ, ಮುಚ್ಚಿದಾಗ ಏನು ಮಾಡುತ್ತದೆ, ಚಿಕ್ಕವಳಿದ್ದಾಗ ಫ್ರಿಜ್ಜಿನ ಬಾಗಿಲನ್ನು ಕೂದಲೆಳೆಯಷ್ಟು ತೆರೆದು ಇಣುಕಿ ಅಪ್ಪನಿಂದ ಬೈಸಿಕೊಂಡದ್ದು ಇದಕ್ಕೇ, ಬಲ್ಬು ಕಿತ್ತರೆ ಮುಗಿಯಿತು, ಫೋನು ಒಳಗಿಟ್ಟು ವೀಡಿಯೊ ತೆಗೆದರೂ ಆಯಿತು, ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನಾನಿನ್ನೂ ಪ್ರತ್ಯಕ್ಷವೇ ಕಂಡಿಲ್ಲ — ಅತ್ತೆ, ನಾನು ಒಳಗೆ ಮಲಗ್ತೀನಿ, ಮುಚ್ಚಿ, ಬಡಿದ ಕೂಡಲೇ ತೆಗೀರಿ, ಅಯ್ಯೋ ನಿಂಗೇನು ತಲೆ ಕೆಟ್ಟಿದ್ಯಾ, ಕೆಟ್ಟರೆ ಇಬ್ಬರೂ ಒಟ್ಟಿಗೇ ಡಾಕ್ಟರ ಹತ್ರ ಹೋಗೋಣ, ಅತ್ತೆ ನಕ್ಕರು, ಬೆಳಗ್ಗೆಯಿಂದ ಮೊದಲ ಸಲ, ಮೊಣಕಾಲು ಎದೆಗೆ ಒತ್ತಿ, ರಬ್ಬರಿನ ವಾಸನೆ, ಸ್ಟೆಪ್ನಿ ಸೊಂಟಕ್ಕೆ ಒತ್ತುತ್ತಿದೆ, ಧಡ್, ಮುಚ್ಚಿತು — ಆರಲಿಲ್ಲ. ಆರಲೇ ಇಲ್ಲ, ಕಣ್ಣಿನ ಪಕ್ಕದಲ್ಲೇ ಹಳದಿ ಬಲ್ಬು, ಯಾರಿಗೂ ಕಾಣದ ಹಾಗೆ ಹಗಲೂ ರಾತ್ರಿ ಉರಿದದ್ದು ಇದೇ, ಸಿಕ್ಕಿಬಿದ್ದೆ ಕಳ್ಳ, ಆದರೆ ಯಾಕೆ, ಮುಚ್ಚಳದ ಒಳಗಿನ ತಗಡಿನ ನಾಲಿಗೆ ಬಂದು ದೀಪದ ಗುಂಡಿಯನ್ನು ಒತ್ತಿ ಆರಿಸಬೇಕು, ಒತ್ತಿಲ್ಲ, ನಾಲಿಗೆ ಪಕ್ಕಕ್ಕೆ ಬಗ್ಗಿದೆ, ಬಗ್ಗಿದಲ್ಲಿ ನೀಲಿ ಬಣ್ಣ ಮೆತ್ತಿದೆ, ನೀಲಿ — ಶಾಲೆಯ ವಸ್ತುಪ್ರದರ್ಶನದ ನೀಲಿ ಹಲಗೆ, ಇದೇ ಡಿಕ್ಕಿಗೆ ತುರುಕಿದ್ದೆ, ಉದ್ದವಾಯಿತು, ಡಿಕ್ಕಿ ಮುಚ್ಚಲಿಲ್ಲ, ನಾನು ಮುಚ್ಚಳದ ಮೇಲೇರಿ ಕೂತು ಮುಚ್ಚಿದೆ, ಕಟಕ್ ಎಂದಿತು, ಕಾರು ಮೊದಲ ಸಲ ಸತ್ತದ್ದು ಅದಾದ ನಾಲ್ಕನೆಯ ದಿನ, ನಾನೇ, ಬಗ್ಗಿಸಿದವಳೂ ನಾನೇ, ಮರೆವು ಎಂದವಳೂ ನಾನೇ, ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿದೆ, ಮೇಲೆ ಬೆರಳಿನ ಟಕ್ ಟಕ್, ಏನೇ, ಆರಿತಾ, ಮಾತಾಡೇ, ನಾನೇ ಮರೆತಿದ್ದು ಅಂತಾದ್ರೂ ಪರ್ವಾಗಿಲ್ಲ, ನಿಜ ಹೇಳ್ಬಿಡು, ಸಂಜೆ ನಾನೇ ಕೀ ಕೊಟ್ಬಿಡ್ತೀನಿ — ಹೇಳಬೇಕು, ಬಡಿಯಲು ಕೈ ಎತ್ತಿದರೆ ಬೆರಳಿಗೆ ಛತ್ರಿ ಸಿಕ್ಕಿತು, ಬಲ್ಬಿನ ಕೆಳಗೇ ಇದೆ, ಬೆಚ್ಚಗಿದೆ, ಅತ್ತೆ, ಛತ್ರಿ ಬೆಚ್ಚಗಿದೆ.